ಮಗ್ಗಕ್ಕೆ ಹೂವು ಗೊತ್ತೇ?

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ನಮ್ಮಲ್ಲಿ ಎಷ್ಟೋ ಮಂದಿ ಆ ಸದ್ದಿನಲ್ಲೇ ಕಂಡಿಕೆ ಸುತ್ತಿದ್ದೇವೆ. ಹರಿದ ಎಳೆ ಕಟ್ಟಿದ್ದೇವೆ. ಮಕ್ಕಳನ್ನು ಮಲಗಿಸಿದ್ದೇವೆ.

ಮಗ್ಗ ನೇಯ್ದ ಸೆರಗಿನಲ್ಲಿ ನವಿಲು ಇರುತ್ತದೆ. ಅಂಚಿನಲ್ಲಿ ಗೋಪುರ ಇರುತ್ತದೆ. ಮಗ್ಗ ಯಾವತ್ತಾದರೂ ನವಿಲು ನೋಡಿದೆಯೇ? ಇಲ್ಲ. ಹಾಗಾದರೆ ಅದಕ್ಕೆ ಹೇಳಿಕೊಟ್ಟವರು ಯಾರು?

ತಲೆ ಎತ್ತಿ ನೋಡಿ. ಮಗ್ಗದ ಮೇಲೆ ಒಂದು ಪೆಟ್ಟಿಗೆ ಇದೆ. ಅದಕ್ಕೆ ಜಕಾರ್ಡ್ ಅಂತಾರೆ. ಅದರಿಂದ ರಟ್ಟಿನ ಕಾರ್ಡುಗಳ ಸರ ಇಳಿಬಿದ್ದಿದೆ. ಕಾರ್ಡಿನ ತುಂಬ ತೂತುಗಳು. ತೂತು ಇದ್ದ ಕಡೆ ಸೂಜಿ ಒಳಗೆ ಹೋಗುತ್ತದೆ. ಆಗ ಕೊಕ್ಕೆ ಹಾಸಿನ ಎಳೆಯನ್ನು ಮೇಲಕ್ಕೆ ಎತ್ತುತ್ತದೆ. ತೂತು ಇಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಹೊಕ್ಕಿನ ನೂಲು ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಕಾರ್ಡುಗಳು ಒಂದರ ಹಿಂದೆ ಒಂದು ಬಂದಂತೆ ನವಿಲು ಮೂಡುತ್ತದೆ. ಸರ ಮುಗಿದ ಮೇಲೆ ಮತ್ತೆ ಮೊದಲ ಕಾರ್ಡೇ ಬರುತ್ತದೆ. ಅದಕ್ಕೇ ಸೀರೆಯ ತುಂಬ ಅದೇ ಬುಟ್ಟ.

ಈ ಪೆಟ್ಟಿಗೆಯನ್ನು 1804ರಲ್ಲಿ ರೂಪಿಸಿದವನು ಫ್ರಾನ್ಸ್ ದೇಶದ ಜೋಸೆಫ್ ಮರಿ ಜಕಾರ್ಡ್. ಅವನ ಊರು ಲಿಯಾನ್. ಅದೂ ರೇಷ್ಮೆ ನೇಯುವ ಊರೇ.

ಕಂಪ್ಯೂಟರ್ ಪಾಠದಲ್ಲಿ ಮಗ್ಗ ಯಾಕೆ ಬಂತು ಅಂತೀರಾ? ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕ ಮಾಡುವ ದೊಡ್ಡ ಯಂತ್ರವೊಂದನ್ನು ಯೋಚಿಸಿದ. ಅದಕ್ಕೆ ಕೆಲಸ ಹೇಳಲು ಜಕಾರ್ಡ್ ಮಗ್ಗದಂಥ ಕಾರ್ಡುಗಳನ್ನೇ ಆರಿಸಿಕೊಂಡ. ಯಂತ್ರ ಅವನ ಕಾಲದಲ್ಲಿ ಪೂರ್ತಿಯಾಗಲಿಲ್ಲ. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಆ ಯಂತ್ರಕ್ಕಾಗಿ ಬರೆದು 1843ರಲ್ಲಿ ಅಚ್ಚು ಹಾಕಿಸಿದವಳು ಒಬ್ಬ ಹೆಂಗಸು, ಏಡಾ ಲವ್‌ಲೇಸ್. ಹೀಗೆ ಕ್ರಮವಾಗಿ ಬರೆದ ಅಪ್ಪಣೆಗಳಿಗೆ ಈಗ ಪ್ರೋಗ್ರಾಂ ಅನ್ನುತ್ತಾರೆ. ನಮ್ಮ ಕಾರ್ಡಿನ ಸರವೂ ಒಂದು ಬಗೆಯ ಪ್ರೋಗ್ರಾಮೇ.

ಈಗ ಒಂದು ಮಾತು ಗಮನವಿಟ್ಟು ಓದಿ. ಇದು ಕೂಲಿಯ ಮಾತು.

ಹಾಸಿನ ಎಳೆಯೊಂದು ಹರಿದರೆ ಬಟ್ಟೆಯ ಉದ್ದಕ್ಕೆ ಗೆರೆ ಬೀಳುತ್ತದೆ. ಅದನ್ನು ನೇಯುವವರು ಕಂಡು ಕಟ್ಟಬೇಕು. ಆದರೆ ಪ್ರತಿ ಬುಟ್ಟದಲ್ಲೂ ಅದೇ ಜಾಗದಲ್ಲಿ ಅದೇ ಎಸಳು ಮುರಿದಿದ್ದರೆ? ಕೈತಪ್ಪು ಹಾಗೆ ಲೆಕ್ಕ ಹಾಕಿಕೊಂಡು ಬರುವುದಿಲ್ಲ. ಕಾರ್ಡಿನಲ್ಲಿ ಒಂದು ತೂತು ತಪ್ಪಿದೆ, ಇಲ್ಲವೇ ಕಾರ್ಡು ಹರಿದಿದೆ. ಕೂಲಿ ಹಿಡಿಯುತ್ತೇವೆ ಅಂದರೆ ಸುಮ್ಮನಿರಬೇಡಿ. ಎರಡು ಬುಟ್ಟ ಪಕ್ಕಪಕ್ಕ ಇಟ್ಟು ತೋರಿಸಿ. ಕಾರ್ಡು ನೋಡೋಣ ಬನ್ನಿ ಅನ್ನಿ.

ಕಚೇರಿಯಲ್ಲೂ ಹೀಗೇ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ. ಕೇಳಿದರೆ, “ಕಂಪ್ಯೂಟರಲ್ಲಿ ಹಂಗೇ ಬರ್ತೈತೆ ಕಣಮ್ಮ” ಅಂತಾರೆ. ಕಂಪ್ಯೂಟರಿಗೆ ನಮ್ಮ ಹೆಸರು ತಾನಾಗಿ ಗೊತ್ತಿತ್ತಾ? ಯಾರೋ ಕೂತು ಒತ್ತಿದ್ದು. ಒತ್ತಿದ್ದನ್ನು ತಿದ್ದಲೂ ಬರುತ್ತದೆ. ನಿಮಗೀಗ ಓದಲು ಬರುತ್ತದಲ್ಲ, ತೆರೆ ಈ ಕಡೆ ತಿರುಗಿಸಿ ಅನ್ನಿ, ನೀವೇ ಓದಿ. ಯಾವ ಕಾಗದ ನೋಡಿ ಒತ್ತಿದಿರಿ, ತಿದ್ದಲು ಅರ್ಜಿ ಯಾರಿಗೆ ಕೊಡಬೇಕು ಅಂತ ಕೇಳಿ.

ಈಗ ಕೆಲವು ಮಗ್ಗಗಳಲ್ಲಿ ರಟ್ಟು ಇಲ್ಲ. ಪೆನ್ ಡ್ರೈವಿನಲ್ಲಿ ಡಿಸೈನ್ ಬರುತ್ತದೆ. ತೂತು ಇದೆ ಅನ್ನುವುದಕ್ಕೆ 1, ಇಲ್ಲ ಅನ್ನುವುದಕ್ಕೆ 0 ಅಂದುಕೊಳ್ಳಿ. ಮೊಬೈಲಿನ ಒಳಗೂ ಇರುವುದು ಈ ಎರಡೇ. ಹಾಡು, ಫೋಟೋ ಎಲ್ಲವೂ ಅಂಕಿಯಾಗಿಯೇ ಕೂತಿರುತ್ತವೆ. ಫೋಟೋ ಅಂದರೆ ಸಣ್ಣ ಸಣ್ಣ ಚೌಕಗಳು, ಒಂದೊಂದು ಚೌಕದ ಬಣ್ಣಕ್ಕೂ ಅಂಕಿ. ಅಕ್ಷರಕ್ಕೂ ಅಂಕಿ ಇದೆ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ನಮ್ಮ ‘ಅ’ ಅಕ್ಷರಕ್ಕೆ 3205. ‘ಆ’ ಅಕ್ಷರಕ್ಕೆ 3206. ನಾವು ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತ ಅಕ್ಷರವನ್ನು ಮೊಬೈಲು ಹೀಗೆ ನೆನಪಿಟ್ಟುಕೊಳ್ಳುತ್ತದೆ!

ಮಾಡಿ ನೋಡಿ

ಮಗಳ ಚೌಕುಳಿ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಒಂದು ಸಾಲು ಅಂದರೆ ಒಂದು ಕಾರ್ಡು. ತೂತು ಇರುವ ಮನೆಗೆ ಕಪ್ಪು ತುಂಬಿ.

ಕಾರ್ಡು 1: ○ ○ ● ○ ○
ಕಾರ್ಡು 2: ○ ● ● ● ○
ಕಾರ್ಡು 3: ● ● ● ● ●

ಸಣ್ಣ ಗೋಪುರ ಬಂತಲ್ಲ? ಇದನ್ನೇ 1 ಮತ್ತು 0 ಹಾಕಿ ಬರೆಯಿರಿ. ಮೊದಲ ಸಾಲು 00100. ಉಳಿದ ಎರಡು ನಿಮಗೆ.

ಕಾರ್ಡು 3ರಲ್ಲಿ ನಡುವಿನ ತೂತು ಹೊಡೆಯುವುದು ಮರೆತರೆ ಗೋಪುರ ಹೇಗೆ ಕಾಣುತ್ತದೆ? ಅದನ್ನೂ ಬಿಡಿಸಿ, ಪಕ್ಕದ ಅಕ್ಕನಿಗೆ ತೋರಿಸಿ, ತಪ್ಪು ಯಾವ ಕಾರ್ಡಿನಲ್ಲಿದೆ ಅಂತ ಕೇಳಿ.