ಸೆರಗು ಕಾಣುವಂತೆ ಫೋಟೋ ತೆಗೆಯುವುದು

ಶಿರಹಟ್ಟಿ, ಲಕ್ಷ್ಮೇಶ್ವರದ ಸುತ್ತ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಈಚೆಗೆ ಮದುವೆಗೆ ಮುಂಚಿನ ಫೋಟೋಗೆ ಬರುವ ಜೋಡಿಗಳು, ‘ಗೌನು, ಸೂಟು ಬ್ಯಾಡ್ರಿ, ಇಳಕಲ್ ಸೀರಿ, ಧೋತರ, ಪಟಕಾದಾಗ ತೆಗೀರಿ’ ಅನ್ನುತ್ತಾರೆ. ಕೇಳಿ ಖುಷಿಯಾಗುತ್ತದೆ. ಆದರೆ ಈ ಉಡುಗೆಗೆ ತನ್ನದೇ ಕಟ್ಟಳೆಗಳಿವೆ. ಅವನ್ನು ಅರಿಯದೆ ಕ್ಯಾಮೆರಾ ಎತ್ತಿದರೆ ಅದು ವೇಷವಾಗಿಬಿಡುತ್ತದೆ.

ಮೊದಲನೆಯದು ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಕೆಂಪು ಸೆರಗಿನ ಮೇಲಿನ ಬಿಳಿ ಗೋಪುರಗಳ ಸಾಲೇ ಟೋಪ್ ತೆನಿ. ಭುಜದ ಮೇಲೆ ನೆರಿಗೆ ಹಿಡಿದು ಪಿನ್ ಹಾಕಿದರೆ ಅದೆಲ್ಲ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ಒಬ್ಬ ಅಜ್ಜಿ ನನಗೆ ಹೇಳಿದರು: ‘ತಮ್ಮಾ, ಸೆರಗ ಕಾಣಲಿಲ್ಲಂದ್ರ ಇಳಕಲ್ ಸೀರಿ ಉಟ್ಟು ಏನುಪಯೋಗ?’ ಅಂದಿನಿಂದ ಸೆರಗನ್ನು ಬಿಡಿಸಿ ಹೊದ್ದ ಚಿತ್ರ ಪ್ರತಿ ಆಲ್ಬಮ್ಮಿನಲ್ಲೂ ಇರುತ್ತದೆ. ಗಾಢ ಕೆಂಪು ಡಿಜಿಟಲ್ ಕ್ಯಾಮೆರಾದಲ್ಲಿ ಬೇಗ ತುಂಬಿ, ನೂಲಿನ ಎಳೆಗಳು ಅಳಿಸಿಹೋಗುತ್ತವೆ. ಅದಕ್ಕೆ ಎಕ್ಸ್‌ಪೋಷರ್ ತುಸು ಇಳಿಸಿ, ಮುಂಜಾನೆಯ ಅಡ್ಡಬೆಳಕಿನಲ್ಲಿ ತೆಗೆಯುತ್ತೇನೆ. ಖಣದ ಕುಪ್ಪಸ, ಕಸೂತಿಯ ಹೊಲಿಗೆ ಕೂಡ ಆ ಬೆಳಕಿನಲ್ಲೇ ಎದ್ದು ಕಾಣುತ್ತವೆ.

ಎರಡನೆಯದು ಉಡಿಸುವವರು. ಜಪಾನಿನಲ್ಲಿ ಮದುವೆಗೆ ಮುಂಚೆ ಬೇರೊಂದು ದಿನ ಕಿಮೋನೋ ಉಟ್ಟು ಫೋಟೋ ತೆಗೆಸುತ್ತಾರೆ. ‘ಮಾಎದೊರಿ’ ಎಂದು ಅದರ ಹೆಸರು. ವಧುವಿಗೆ ಶಿರೋಮುಕು ಎಂಬ ಅಚ್ಚಬಿಳಿಯ ಕಿಮೋನೋ, ವರನಿಗೆ ಮನೆತನದ ಲಾಂಛನವಿರುವ ಕಪ್ಪು ಕಿಮೋನೋ. ಉಡಿಸಲೆಂದೇ ಪಳಗಿದವರು ಅಲ್ಲಿದ್ದಾರೆ. ನಮ್ಮಲ್ಲಿ ಆ ವಿದ್ಯೆ ಅವ್ವ, ಚಿಗವ್ವಂದಿರ ಕೈಯಲ್ಲಿದೆ. ಅವರನ್ನು ಶೂಟಿಂಗಿಗೆ ಕರೆದುಕೊಂಡೇ ಬನ್ನಿ ಎಂದು ಹೇಳುತ್ತೇನೆ. ಸೆರಗು ಯಾವ ಭುಜಕ್ಕೆ, ಪಟಕಾ ಹೇಗೆ ಸುತ್ತಬೇಕು ಎಂಬುದು ಆಯಾ ಮನೆತನದ ರೂಢಿ. ಅದನ್ನು ನಾನು ನಿರ್ಧರಿಸುವುದಿಲ್ಲ.

ಆದರೆ ಜಪಾನಿನವರಂತೆ ಪೂರ್ತಿ ಮದುವೆಯ ಉಡುಗೆಯನ್ನು ಮುಂಚೆಯೇ ತೊಡಿಸಲು ನಾನು ಒಪ್ಪುವುದಿಲ್ಲ. ಬಾಸಿಂಗ, ತಾಳಿ ಅಕ್ಕಿಕಾಳು ಬೀಳುವ ಗಳಿಗೆಗೆ ಸೇರಿದವು. ಕ್ಯಾಮೆರಾಕ್ಕಾಗಿ ಅವನ್ನು ಮೊದಲೇ ಕಟ್ಟಿಸಿದರೆ ಆ ಗಳಿಗೆಯ ತೂಕವೇ ಇಳಿದುಹೋಗುತ್ತದೆ.

ಮೂರನೆಯದು ಜಾಗ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಂದಿಯ ಮೇಲೆ ಶಿವ-ಪಾರ್ವತಿ ಜೋಡಿಯಾಗಿ ಕುಳಿತಿದ್ದಾರೆ; ಹೊಸ ಜೋಡಿಗೆ ಅದಕ್ಕಿಂತ ಒಳ್ಳೆಯ ಸನ್ನಿಧಿ ಯಾವುದು? ಅಲ್ಲಿ ಮೊದಲು ದರ್ಶನ, ಅರ್ಚಕರ ಒಪ್ಪಿಗೆ, ಆಮೇಲೆ ಹೊರ ಅಂಗಳದಲ್ಲಿ ಫೋಟೋ. ಲಕ್ಕುಂಡಿಯ ಸಂರಕ್ಷಿತ ಗುಡಿಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಲ್ಲಿ ಡ್ರೋನ್ ಹಾರಿಸುವುದಿಲ್ಲ, ಬಣ್ಣದ ಹೊಗೆ ಬಿಡುವುದಿಲ್ಲ.

ಜೋಡಿಗಳಿಗೆ ನನ್ನ ಮಾತು ಇಷ್ಟೇ: ಸೀರೆ, ಧೋತರ ಉಟ್ಟು ಮೊದಲು ಮನೆಯಲ್ಲೇ ಓಡಾಡಿ, ಕುಳಿತು ಊಟ ಮಾಡಿ. ಬಟ್ಟೆ ಮೈಗೆ ಒಗ್ಗಿದರೆ ಪೋಸು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಈ ಕೆಲಸಕ್ಕೆ ಬರುವ ಹುಡುಗರು ಹೊಸ ಲೆನ್ಸ್ ಕೊಳ್ಳುವ ಮುನ್ನ ಬೆಟಗೇರಿಗೆ ಹೋಗಿ ಒಂದು ಹೊತ್ತು ಮಗ್ಗದ ಮುಂದೆ ಕೂರಲಿ. ನೇಯುವವರ ದುಡಿಮೆ ಕಂಡವರಿಗೆ ಸೆರಗನ್ನು ಮುಚ್ಚಿಡಲು ಮನಸ್ಸಾಗದು.