ಆ್ಯಪ್ ಒಂದೇ, ವಿಳಾಸ ಮಾತ್ರ ಬೇರೆ

ಪ್ರಶ್ನೆ: ನಮ್ಮ ಕನ್ನಡ ಸಂಘದ ಗ್ರಂಥಾಲಯಕ್ಕೆ ಒಂದು ವೆಬ್ ಆ್ಯಪ್ ಮಾಡಿದ್ದೇನೆ. ಮುಂದೆ ರಿಯಾಕ್ಟ್ ಮತ್ತು ವೀಟ್, ಹಿಂದೆ ನೋಡ್. ಸರ್ವರಿಗೆ ಹಾಕಿದ ಮೇಲೂ ನನ್ನ ಲ್ಯಾಪ್‌ಟಾಪಿನಲ್ಲಿ ಪುಸ್ತಕಗಳ ಪಟ್ಟಿ ಸರಿಯಾಗಿ ಬರುತ್ತದೆ. ಸದಸ್ಯರ ಫೋನಿನಲ್ಲಿ ಪುಟವೇನೋ ತೆರೆಯುತ್ತದೆ, ಪಟ್ಟಿ ಮಾತ್ರ ಖಾಲಿ. ಪ್ರತಿಸಲ ಕೋಡಿನೊಳಗೆ ವಿಳಾಸ ತಿದ್ದಿಯೇ ಬಿಲ್ಡ್ ಮಾಡಬೇಕೆ?
– ಓದುಗರೊಬ್ಬರು, ಸಿಕಂದರಾಬಾದ್

ಉತ್ತರ: ತಿದ್ದಬೇಕಾಗಿಲ್ಲ. ಏನು ಕೆಟ್ಟಿದೆ ಎಂಬ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಕೋಡಿನಲ್ಲಿ ಎಲ್ಲೋ ‘ಲೋಕಲ್‌ಹೋಸ್ಟ್, ಪೋರ್ಟ್ 5000’ ಎಂಬ ವಿಳಾಸ ಹಾಗೇ ಉಳಿದುಕೊಂಡಿರಬೇಕು. ಲೋಕಲ್‌ಹೋಸ್ಟ್ ಎಂದರೆ 127.0.0.1, ಅಂದರೆ ಕೇಳುತ್ತಿರುವ ಯಂತ್ರವೇ. ರಿಯಾಕ್ಟ್ ಕೋಡು ಓಡುವುದು ನಿಮ್ಮ ಸರ್ವರಿನಲ್ಲಲ್ಲ, ನೋಡುವವರ ಬ್ರೌಸರಿನಲ್ಲಿ. ಸದಸ್ಯರೊಬ್ಬರು ಮಾರೇಡ್‌ಪಲ್ಲಿಯ ಮನೆಯಲ್ಲಿ ಕೂತು ಪುಟ ತೆರೆದರೆ ಅವರ ಫೋನು ಪುಸ್ತಕಗಳ ಪಟ್ಟಿಯನ್ನು ತನ್ನೊಳಗೇ ಹುಡುಕುತ್ತದೆ. ಅಲ್ಲಿ ಏನಿದೆ? ನಿಮ್ಮ ಲ್ಯಾಪ್‌ಟಾಪಿನಲ್ಲಾದರೆ ನೋಡ್ ಇನ್ನೂ ಓಡುತ್ತಿದೆ, ಅದಕ್ಕೇ ಪಟ್ಟಿ ಸಿಗುತ್ತದೆ. ಒಮ್ಮೆ ಅದನ್ನು ನಿಲ್ಲಿಸಿ ಪುಟ ರಿಫ್ರೆಶ್ ಮಾಡಿ, ನಿಮಗೂ ಖಾಲಿಯೇ ಬರುತ್ತದೆ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿನಲ್ಲಿ ರಿಕ್ವೆಸ್ಟ್ ಯಾವ ವಿಳಾಸಕ್ಕೆ ಹೋಗಿದೆ ಎಂದು ಓದಿಕೊಂಡರೆ ಅನುಮಾನ ಪೂರ್ತಿ ಬಗೆಹರಿಯುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಎನ್ವಿರಾನ್‌ಮೆಂಟ್ ವೇರಿಯಬಲ್. ಡೆವಲಪ್‌ಮೆಂಟಿಗೊಂದು, ಪ್ರೊಡಕ್ಷನ್ನಿಗೊಂದು ‘ಇಎನ್‌ವಿ’ ಫೈಲ್ ಇಟ್ಟು, ವಿಳಾಸವನ್ನು ಅದರಲ್ಲಿ ಬರೆದು, ಕೋಡಿನಲ್ಲಿ ಹೆಸರನ್ನಷ್ಟೇ ಬಳಸುವುದು. ಒಳ್ಳೆಯ ಪದ್ಧತಿಯೇ. ಆದರೆ ಹೊಸಬರು ಎಡವುವುದು ಇಲ್ಲೇ. ನೋಡ್ ತನ್ನ ವೇರಿಯಬಲ್ಲುಗಳನ್ನು ಶುರುವಾಗುವಾಗ ಓದುತ್ತದೆ, ಬದಲಿಸಿ ರೀಸ್ಟಾರ್ಟ್ ಮಾಡಿದರೆ ಸಾಕು. ವೀಟ್ ಹಾಗಲ್ಲ. ಬಿಲ್ಡ್ ಆಗುವಾಗಲೇ ಹೆಸರಿದ್ದ ಜಾಗಕ್ಕೆ ವಿಳಾಸವನ್ನೇ ಬರೆದುಬಿಡುತ್ತದೆ. ಆಮೇಲೆ ಸರ್ವರಿನಲ್ಲಿ ವೇರಿಯಬಲ್ ಎಷ್ಟು ಸಲ ಬದಲಿಸಿದರೂ ಆ ಜಾವಾಸ್ಕ್ರಿಪ್ಟ್ ಫೈಲು ಬದಲಾಗುವುದಿಲ್ಲ, ಮತ್ತೆ ಬಿಲ್ಡ್ ಮಾಡಲೇಬೇಕು. ಬಿಲ್ಡ್ ಆದ ‘ಡಿಸ್ಟ್’ ಫೋಲ್ಡರಿನಲ್ಲಿ ಲೋಕಲ್‌ಹೋಸ್ಟ್ ಎಂಬ ಪದವನ್ನು ಹುಡುಕಿ ನೋಡಿ. ನಿಮ್ಮ ಪೋರ್ಟ್ ಸಂಖ್ಯೆಯ ಜೊತೆ ಅದು ಸಿಕ್ಕಿತೆಂದರೆ ಆ ಬಿಲ್ಡನ್ನು ಸರ್ವರಿಗೆ ಹಾಕಬೇಡಿ.

ನನ್ನ ಸಲಹೆ ಇದಕ್ಕಿಂತ ಸರಳ: ಬ್ರೌಸರಿಗೆ ಹೋಗುವ ಕೋಡಿನಲ್ಲಿ ಸರ್ವರಿನ ವಿಳಾಸವೇ ಬೇಡ. ನಿಮ್ಮೂರಿನ ರೈಲ್ವೆ ಕೌಂಟರು ಬಹಳ ಹಿಂದೆಯೇ ಹೀಗೆ ಮಾಡಿ ತೋರಿಸಿದೆ. ರಿಸರ್ವೇಶನ್ನಿಗೆ ಕಂಪ್ಯೂಟರ್ ಬಂದ ಮೊದಲ ವರ್ಷಗಳಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಈ ಐದೂ ಕೇಂದ್ರಗಳು ತಂತಮ್ಮ ಸೀಟುಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದವು. ಅವನ್ನು ಒಂದಾಗಿಸಲು ರೈಲ್ವೆಯ ಕ್ರಿಸ್ ಸಂಸ್ಥೆ ರೂಪಿಸಿದ ‘ಕನ್ಸರ್ಟ್’ ತಂತ್ರಾಂಶ ಮೊದಲು ಕೆಲಸಕ್ಕೆ ಇಳಿದದ್ದು 1994ರ ಸೆಪ್ಟೆಂಬರಿನಲ್ಲಿ, ಸಿಕಂದರಾಬಾದಿನಲ್ಲೇ. 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳು ಜೋಡಣೆಯಾದವು. ಇಲ್ಲಿನ ಕೌಂಟರಿನವರು ದೆಹಲಿಯಿಂದ ಹೊರಡುವ ರೈಲಿಗೆ ಟಿಕೆಟ್ ಕೊಡುವಾಗ ದೆಹಲಿಯ ಕಂಪ್ಯೂಟರಿನ ವಿಳಾಸ ಟೈಪ್ ಮಾಡುವುದಿಲ್ಲ. ಟರ್ಮಿನಲ್ ಕೇಳುವುದು ತನ್ನ ಕೇಂದ್ರವನ್ನು. ಅಲ್ಲಿಂದ ಮುಂದೆ ಎಲ್ಲಿಗೆ ದಾಟಿಸಬೇಕೆಂಬುದು ಕೇಂದ್ರದ ಕೆಲಸ.

ನೀವೂ ಹಾಗೇ ಮಾಡಿ. ಕೋಡಿನಲ್ಲಿ ಡೊಮೇನ್ ಹೆಸರಿಲ್ಲದೆ ‘/ಎಪಿಐ/ಬುಕ್ಸ್’ ಎಂಬ ದಾರಿಯಷ್ಟೇ ಇರಲಿ. ಪುಟ ಎಲ್ಲಿಂದ ಬಂದಿದೆಯೋ ಬ್ರೌಸರು ಅಲ್ಲಿಗೇ ಕೇಳುತ್ತದೆ. ಮನೆಯಲ್ಲಿ ಕೆಲಸ ಮಾಡುವಾಗ ವೀಟ್‌ನ ಕಾನ್ಫಿಗ್ ಫೈಲಿನಲ್ಲಿ ಪ್ರಾಕ್ಸಿ ಬರೆದಿಡಿ, ‘/ಎಪಿಐ’ ಎಂದು ಶುರುವಾಗುವುದೆಲ್ಲ 5000ನೇ ಪೋರ್ಟಿಗೆ ಹೋಗಲಿ. ಸರ್ವರಿನಲ್ಲಿ ಇದೇ ಕೆಲಸವನ್ನು ಎಂಜಿನ್‌ಎಕ್ಸ್ ಮಾಡುತ್ತದೆ. ಅಲ್ಲಿ 127.0.0.1 ಎಂದು ಬರೆದರೆ ತಪ್ಪಿಲ್ಲ, ಏಕೆಂದರೆ ಈಗ ಕೇಳುತ್ತಿರುವುದು ಸರ್ವರು, ನೋಡ್ ಇರುವುದೂ ಅದೇ ಯಂತ್ರದಲ್ಲಿ. (ಡಾಕರ್ ಬಳಸಿದರೆ ಮಾತ್ರ ಪ್ರತಿ ಕಂಟೇನರಿಗೂ ಅದರದೇ ಲೋಕಲ್‌ಹೋಸ್ಟ್ ಇರುತ್ತದೆ, ಆಗ ಸರ್ವಿಸ್ ಹೆಸರು ಕೊಡಬೇಕು.) ಒಂದು ಸಣ್ಣ ಗೆರೆಯ ಬಗ್ಗೆ ಎಚ್ಚರ: ‘/ಎಪಿಐ/’ ಎಂಬ ಲೊಕೇಶನ್ ಬ್ಲಾಕಿನಲ್ಲಿ ಪ್ರಾಕ್ಸಿ ಪಾಸ್ ವಿಳಾಸದ ಕೊನೆಗೆ ಓರೆಗೆರೆ ಹಾಕಿದರೆ ಎಂಜಿನ್‌ಎಕ್ಸ್ ‘ಎಪಿಐ’ ಭಾಗವನ್ನು ಕಳಚಿ ಕಳಿಸುತ್ತದೆ, ಹಾಕದಿದ್ದರೆ ಇದ್ದಂತೆಯೇ ಕಳಿಸುತ್ತದೆ. 404 ಬಂತೆಂದರೆ ಮೊದಲು ಅಲ್ಲಿ ನೋಡಿ.

ಹೀಗೆ ಮಾಡಿದರೆ ಕಾರ್ಸ್ ತಕರಾರು ತಾನಾಗಿ ತಪ್ಪುತ್ತದೆ, ಎಚ್‌ಟಿಟಿಪಿಎಸ್ ಪುಟದಿಂದ ಬರಿಯ ಎಚ್‌ಟಿಟಿಪಿ ವಿಳಾಸ ಕರೆದು ಬ್ರೌಸರಿನಿಂದ ತಡೆಸಿಕೊಳ್ಳುವುದೂ ತಪ್ಪುತ್ತದೆ. ಪರೀಕ್ಷೆಗೆ ಹಾಕಿದ ಬಿಲ್ಡನ್ನೇ ಒಂದಕ್ಷರವೂ ಬದಲಿಸದೆ ಸದಸ್ಯರಿಗೆ ಕೊಡಬಹುದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಪರೀಕ್ಷಿಸಿದ್ದು ಒಂದು, ಜನರ ಕೈಗೆ ಹೋದದ್ದು ಇನ್ನೊಂದು ಎಂದಾಗಬಾರದು. ಮುಂಭಾಗ, ಹಿಂಭಾಗಗಳನ್ನು ಬೇರೆ ಬೇರೆ ಡೊಮೇನಿನಲ್ಲಿ ಇಡಲೇಬೇಕಾದ ಪ್ರಸಂಗ ಬಂದರೆ ಮಾತ್ರ ವೇರಿಯಬಲ್ ದಾರಿ ಹಿಡಿಯಿರಿ, ನೋಡ್‌ನಲ್ಲಿ ನಿಮ್ಮ ಡೊಮೇನಿಗಷ್ಟೇ ಕಾರ್ಸ್ ಅನುಮತಿ ಕೊಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಹೆಸರು ‘ವೀಟ್’ ಎಂದು ಶುರುವಾಗುವ ವೇರಿಯಬಲ್ಲುಗಳನ್ನು ನೀವು ಕೋಡಿನಲ್ಲಿ ಬಳಸಿದರೆ ಅವುಗಳ ಬೆಲೆ ಬಿಲ್ಡಿನೊಳಗೆ ಸೇರಿ ಯಾರು ಬೇಕಾದರೂ ಓದುವಂತಾಗುತ್ತದೆ. ಡೇಟಾಬೇಸ್ ಪಾಸ್‌ವರ್ಡಿಗೆ ಅಲ್ಲಿ ಜಾಗವಿಲ್ಲ, ಅದು ನೋಡ್ ಬದಿಯ ಇಎನ್‌ವಿ ಫೈಲಿನಲ್ಲಿರಬೇಕು. ಆ ಫೈಲಿನ ಹೆಸರು ಗಿಟ್‌ಇಗ್ನೋರ್‌ನಲ್ಲಿರಬೇಕು. ಈಗಾಗಲೇ ಒಮ್ಮೆ ಕಮಿಟ್ ಆಗಿಹೋಗಿದ್ದರೆ ಫೈಲು ಅಳಿಸಿದರೂ ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಉಳಿದೇ ಇರುತ್ತದೆ. ಹಾಗಿದ್ದಲ್ಲಿ ಇವತ್ತೇ ಪಾಸ್‌ವರ್ಡ್ ಬದಲಿಸಿ. ಹಳೆಯದರಿಂದ ಲಾಗಿನ್ ಆಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಸದಸ್ಯರಿಗೆ ಲಿಂಕ್ ಕಳಿಸಿ.