ಹೆಪ್ಪುಗಟ್ಟಿಸಿದ ಮಾವು ರಸ ಬಿಡುವುದೇಕೆ?

ಮಾವಿನ ತಿರುಳಿನಲ್ಲಿ ಶೇಕಡ 80ಕ್ಕೂ ಹೆಚ್ಚು ನೀರಿರುತ್ತದೆ. ಸಕ್ಕರೆ ಕರಗಿರುವುದರಿಂದ ಈ ನೀರು 0° ಸೆಂ.ಗಿಂತ ಒಂದೆರಡು ಡಿಗ್ರಿ ಕೆಳಗಿಳಿದ ಮೇಲೆಯೇ ಗಟ್ಟಿಯಾಗತೊಡಗುತ್ತದೆ. ಹಣ್ಣು ನಿಧಾನವಾಗಿ ತಣಿದರೆ ಜೀವಕೋಶಗಳ ನಡುವೆ ಮಂಜುಗಡ್ಡೆಯ ದೊಡ್ಡ ಹರಳುಗಳು ಬೆಳೆದು, ಕೋಶದೊಳಗಿನ ನೀರನ್ನು ಸೆಳೆದುಕೊಂಡು, ಪೊರೆಯನ್ನು ಘಾಸಿಗೊಳಿಸುತ್ತವೆ. ಕರಗಿಸಿದಾಗ ರಸ ಸೋರಿ ಹೋಳು ಮೆತ್ತಗಾಗುವುದು ಇದರಿಂದಲೇ, ತಪ್ಪು ಹಣ್ಣಿನದಲ್ಲ. ಬೇಗ ಹೆಪ್ಪುಗಟ್ಟಿಸಿದರೆ ಹರಳುಗಳು ಸಣ್ಣವಾಗಿ ಉಳಿದು ಹಾನಿ ಕಡಿಮೆ.

ಆದ್ದರಿಂದ ಮಾರಾಟವಾಗದೆ ಉಳಿದ ಹಣ್ಣನ್ನು ಬುಟ್ಟಿಗಟ್ಟಲೆ ಒಮ್ಮೆಗೇ ಫ್ರೀಜರಿಗೆ ತುಂಬಬಾರದು. ಸಿಪ್ಪೆ ತೆಗೆದ ಹೋಳುಗಳನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಮೈನಸ್ 18° ಸೆಂ.ನಲ್ಲಿಡುವುದು ಲೇಸು. ಶೀತದಿಂದ ಸೂಕ್ಷ್ಮಾಣುಗಳೆಲ್ಲ ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. ಕರಗಿಸಿದ ಹಣ್ಣನ್ನು ಮತ್ತೆ ಹೆಪ್ಪುಗಟ್ಟಿಸದೆ ಅಂದೇ ಸೀಕರಣೆ ಮಾಡಿ ಮುಗಿಸಬೇಕು.